ಕಲ್ಲಿನ ಹೆಸರು ಕೊನೆಗೆ ಬರಲಿ

ನಮ್ಮ ಬೋಧನಾಭ್ಯಾಸದಲ್ಲಿ ಶಿಲೆ ಮತ್ತು ಖನಿಜಗಳ ಪಾಠ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಪ್ರಶಿಕ್ಷಣಾರ್ಥಿ ಮೇಜಿನ ಮೇಲೆ ಒಂದು ಕಲ್ಲನ್ನಿಟ್ಟು 'ಇದು ಯಾವ ಕಲ್ಲು ಮಕ್ಕಳೇ?' ಎಂದು ಕೇಳುತ್ತಾರೆ. ಎರಡು ಮೂರು ತಪ್ಪು ಉತ್ತರಗಳು ಬರುತ್ತವೆ. 'ಇದು ಗ್ರಾನೈಟ್, ಅಗ್ನಿಶಿಲೆಗೆ ಉದಾಹರಣೆ' ಎಂದು ಹೇಳಿ ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ. ನಂತರ ಮುಂದಿನ ಕಲ್ಲು. ನಲವತ್ತು ನಿಮಿಷದಲ್ಲಿ ಎಂಟು ಕಲ್ಲು, ಎಂಟು ಹೆಸರು. ಕೊನೆಗೆ ಮೌಲ್ಯಮಾಪನದ ಪ್ರಶ್ನೆ: 'ರೂಪಾಂತರ ಶಿಲೆಗೆ ಎರಡು ಉದಾಹರಣೆ ಕೊಡಿ.'

ಈ ಪಾಠದಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಪಾಠಯೋಜನೆ ಕ್ರಮವಾಗಿದೆ, ಬೋಧನೋಪಕರಣ ಇದೆ, ಮಕ್ಕಳು ಗಲಾಟೆ ಮಾಡಿಲ್ಲ. ಆದರೂ ಇಲ್ಲಿ 'ಗುರುತಿಸುವುದು' ಎಂಬ ಕೆಲಸ ನಡೆದೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಕಲ್ಲನ್ನು ಗುರುತಿಸಲಿಲ್ಲ. ನಾವು ಹೇಳಿದ ಹೆಸರನ್ನು ನೆನಪಿಟ್ಟುಕೊಂಡರು, ಅಷ್ಟೆ. ಗುರುತಿಸುವ ಪಾಠದಲ್ಲಿ ಹೆಸರು ಕೊನೆಗೆ ಬರಬೇಕು. ಕೆಲವು ಸಲ ಹೆಸರು ಸಿಗದೆಯೇ ಅವಧಿ ಮುಗಿದರೂ ಆ ಪಾಠವನ್ನು ಯಶಸ್ವಿ ಎಂದು ಒಪ್ಪಬೇಕು. ನಮ್ಮ ವೀಕ್ಷಣಾ ನಮೂನೆ ಮತ್ತು ಅಂಕ ಕೊಡುವ ಕ್ರಮ ಅದಕ್ಕೆ ತಕ್ಕಂತೆ ಬದಲಾಗಬೇಕು. ಶಿವಮೊಗ್ಗ ಮತ್ತು ಭದ್ರಾವತಿಯ ಶಾಲೆಗಳಲ್ಲಿ ಕಂಡದ್ದನ್ನು ಇಟ್ಟುಕೊಂಡು ಈ ಮಾತನ್ನು ವಿವರಿಸುತ್ತೇನೆ.

ಪೆಟ್ಟಿಗೆಯ ಕಲ್ಲು, ಜೇಬಿನ ಕಲ್ಲು

ಅನೇಕ ಪ್ರೌಢಶಾಲೆಗಳ ಪ್ರಯೋಗಾಲಯದ ಬೀರುವಿನಲ್ಲಿ ಶಿಲಾ ಮಾದರಿಗಳ ಒಂದು ಪೆಟ್ಟಿಗೆ ಇರುತ್ತದೆ. ಗೂಡು ಗೂಡಾಗಿ ಮಾಡಿ, ಪ್ರತಿ ಗೂಡಿನಲ್ಲಿ ಒಂದು ಚೂರು ಕಲ್ಲು, ಅದರ ಕೆಳಗೆ ಹೆಸರಿನ ಚೀಟಿ. ಎಲ್ಲಿಂದ ತಂದ ಕಲ್ಲು ಎಂಬುದು ಮಾತ್ರ ಚೀಟಿಯಲ್ಲಿ ಇರುವುದಿಲ್ಲ. ಶಿವಮೊಗ್ಗದ ಒಂದು ಶಾಲೆಯಲ್ಲಿ ಸಹಪಾಠಿಯೊಬ್ಬರ ಪಾಠ ನೋಡಲು ಕುಳಿತಿದ್ದಾಗ, ಅವರು ಪಾಠದ ಕೊನೆಗೆ ಎರಡು ಕಲ್ಲುಗಳ ಗೂಡು ಅದಲುಬದಲು ಮಾಡಿ ಮತ್ತೆ ಹೆಸರು ಕೇಳಿದರು. ಹೆಚ್ಚಿನ ಮಕ್ಕಳು ಗೂಡನ್ನು ನೋಡಿ ಹೆಸರು ಹೇಳಿದರು, ಕಲ್ಲನ್ನು ನೋಡಲಿಲ್ಲ. ಮಕ್ಕಳ ತಪ್ಪೇನೂ ಇಲ್ಲ. ಹೆಸರು ಇರುವುದು ಗೂಡಿನಲ್ಲಿ ಎಂದು ಪೆಟ್ಟಿಗೆಯೇ ಅವರಿಗೆ ಕಲಿಸಿತ್ತು. ಅದನ್ನು ಬಯಲಿಗೆ ತಂದ ಸಹಪಾಠಿಯ ಉಪಾಯವೇ ಆ ದಿನದ ಒಳ್ಳೆಯ ಪಾಠವಾಗಿತ್ತು.

ಪೆಟ್ಟಿಗೆಯಿಂದ ಇನ್ನೊಂದು ತೊಂದರೆ ಇದೆ. ಪಾಠದ ಕೊನೆಗೆ ನಾವು 'ಸರಿಯಾದ ಉತ್ತರ' ಕೊಡಲೇಬೇಕು ಎಂದಿರುವುದರಿಂದ, ಉತ್ತರ ಮೊದಲೇ ಗೊತ್ತಿರುವ ಕಲ್ಲನ್ನಷ್ಟೇ ತರಗತಿಗೆ ಒಯ್ಯುತ್ತೇವೆ. ಮಗುವೊಂದು ಜೇಬಿನಿಂದ ತನ್ನ ಕಲ್ಲು ತೆಗೆದು ತೋರಿಸಿದರೆ 'ಆಮೇಲೆ ನೋಡೋಣ, ಕೂತ್ಕೋ' ಎನ್ನುತ್ತೇವೆ. ಆ ಆಮೇಲೆ ಬರುವುದೇ ಇಲ್ಲ. ಹೀಗೆ ಕಲ್ಲಿನ ಪಾಠದಿಂದ ಊರಿನ ಕಲ್ಲೇ ಹೊರಗುಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ನಷ್ಟ. ಭೂವಿಜ್ಞಾನಿಗಳು ಈ ಪ್ರದೇಶದ ಬಂಡೆಗಳನ್ನು ಧಾರವಾಡ ಸಮೂಹದ 'ಶಿವಮೊಗ್ಗ ಶಿಸ್ಟ್ ಪಟ್ಟಿ' ಎಂದೇ ಕರೆಯುತ್ತಾರೆ. ಊರಿನ ಹೆಸರೇ ಭೂವಿಜ್ಞಾನದ ಪುಸ್ತಕದಲ್ಲಿದೆ. ಕುಂಸಿಯ ಕಡೆ ಮ್ಯಾಂಗನೀಸ್ ಅದಿರು ತೆಗೆದಿದ್ದಾರೆ. ಸಾಗರ, ಹೊಸನಗರದ ಕಡೆ ಮನೆಯ ಗೋಡೆ, ಬಾವಿಯ ಕಟ್ಟೆ ಜಂಬಿಟ್ಟಿಗೆಯವು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳರ ಕಾಲದಲ್ಲಿ ಬಳಪದ ಕಲ್ಲಿನಲ್ಲಿ ಕಟ್ಟಿದ್ದಾರೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದಿರು ಬಂದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲು. ಮುತ್ತಜ್ಜನ ಕಾಲದಿಂದ ಕಲ್ಲು ಕರಗಿಸಿ ಬದುಕಿದ ಊರಿನ ಮಕ್ಕಳು, ಕಬ್ಬಿಣದ ಅದಿರಿಗೂ ಜಂಬಿಟ್ಟಿಗೆಗೂ ಇರುವ ವ್ಯತ್ಯಾಸ ಹೇಳಲಾರದೆ ಹತ್ತನೇ ತರಗತಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಭದ್ರಾವತಿಯ ಒಂದು ಅವಧಿ

ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಗ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ದಿನ ಎಂಟನೇ ತರಗತಿಯ ಅವಧಿಯೊಂದು ನನಗೆ ಬಂತು. ಪಾಠ: ಶಿಲಾಗೋಳ. ಹಿಂದಿನ ದಿನವೇ 'ಒಬ್ಬೊಬ್ಬರೂ ಒಂದೊಂದು ಕಲ್ಲು ತನ್ನಿ, ಎಲ್ಲಿ ಸಿಕ್ಕಿತೆಂದು ಚೀಟಿಯಲ್ಲಿ ಬರೆದು ತನ್ನಿ' ಎಂದು ಹೇಳಿದ್ದೆ.

ಒಬ್ಬ ಹುಡುಗ ತಂದ ಕಲ್ಲು ಕಪ್ಪಗೆ, ತೂತು ತೂತಾಗಿ, ಒಂದು ಬದಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಪಠ್ಯಪುಸ್ತಕದ ಚಿತ್ರ ನೋಡಿದ್ದ ಮಕ್ಕಳು ಒಟ್ಟಿಗೆ ಕೂಗಿದರು: 'ಜ್ವಾಲಾಮುಖಿ ಕಲ್ಲು ಮಿಸ್!' ಉತ್ತರ ಅಲ್ಲಿಗೇ ಮುಗಿಯಬಹುದಿತ್ತು. ಕರಗಿದ್ದು ತಣಿದು ಆದ ಕಲ್ಲು, ಒಳಗೆ ಗಾಳಿಯ ಗುಳ್ಳೆ, ಮೇಲೆ ಗಾಜಿನ ಹೊಳಪು. ಅಗ್ನಿಶಿಲೆಯ ಲಕ್ಷಣಗಳೆಲ್ಲ ಅದರಲ್ಲಿದ್ದವು.

ಚೀಟಿ ಓದಲು ಹೇಳಿದೆ. ಕಾರ್ಖಾನೆಯ ಕಡೆಯ ರಸ್ತೆಗೆ ತುಂಬಿಸಿದ ಮಣ್ಣಿನಲ್ಲಿ ಸಿಕ್ಕಿದ್ದು ಎಂದು ಬರೆದಿತ್ತು. ಅಯಸ್ಕಾಂತ ಹಿಡಿದಾಗ ಕಲ್ಲಿನ ಎಲ್ಲ ಕಡೆಯೂ ಅಂಟಲಿಲ್ಲ. ತುಕ್ಕು ಹಿಡಿದ ಒಂದೆರಡು ಚುಕ್ಕೆಗಳಿದ್ದ ಜಾಗದಲ್ಲಿ ಮಾತ್ರ ಸೆಳೆಯಿತು. ಆಗ ನಕ್ಷೆ ತೆಗೆದೆವು. ಲಾವಾ ಹರಿದು ಆದ ದಖನ್ ಬಸಾಲ್ಟ್ ಪ್ರದೇಶ ಇರುವುದು ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ. ಹೊಳೆಯಲ್ಲಿ ತೇಲಿ ಬಂದಿರಬಹುದೇ? ತುಂಗೆ, ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಅವು ಹರಿದು ಬರುವ ದಾರಿಯಲ್ಲಿ ದಖನ್ ಬಸಾಲ್ಟ್ ಇಲ್ಲ. ಹಾಗಾದರೆ ಇಲ್ಲಿಗೆ ಹೇಗೆ ಬಂತು?

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: 'ಮಿಸ್, ನಮ್ಮ ತಾತ ಫ್ಯಾಕ್ಟರಿಯಲ್ಲಿದ್ರು. ಇದು ಸ್ಲ್ಯಾಗ್ ಇರಬಹುದು.'

ಕಬ್ಬಿಣದ ಕಿಟ್ಟ. ಅದಿರಿನಲ್ಲಿರುವ ಮರಳಿನಂಶ ಸುಣ್ಣಕಲ್ಲಿನೊಂದಿಗೆ ಸೇರಿ ಕುಲುಮೆಯಲ್ಲಿ ಕರಗಿ, ಕಬ್ಬಿಣದ ಮೇಲೆ ತೇಲಿ ಬರುವ ಕಲ್ಮಶ ಅದು. ಹತ್ತನೇ ತರಗತಿಯ ಪಾಠವನ್ನು ಎಂಟನೇ ತರಗತಿಯ ಹುಡುಗಿ ಮನೆಯಲ್ಲಿ ಕೇಳಿ ತಿಳಿದಿದ್ದಳು. ಆದರೂ ನಾನು ಹಲಗೆಯ ಮೇಲೆ 'ಕಿಟ್ಟ' ಎಂದು ಒಂದೇ ಪದ ಬರೆಯಲಿಲ್ಲ. 'ಕಿಟ್ಟ ಇರಬಹುದು' ಎಂದು ಬರೆದು, ಕೆಳಗೆ ಮೂರು ಕಾರಣ ಬರೆಸಿದೆ: ಸಿಕ್ಕ ಜಾಗ, ಅಲ್ಲಲ್ಲಿ ಕಬ್ಬಿಣದ ಹನಿ, ಸುತ್ತಮುತ್ತ ಲಾವಾದ ಬಂಡೆ ಇಲ್ಲದಿರುವುದು. ಇನ್ನೂ ಖಚಿತವಾಗಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಮನೆಗೆ ಕೊಟ್ಟೆ.

ಆ ಪಾಠದ ವೀಕ್ಷಣಾ ನಮೂನೆಯಲ್ಲಿ ಬಂದ ಷರಾ: 'ಪಾಠದ ಕೊನೆಯಲ್ಲಿ ನಿಖರ ಉತ್ತರ ನೀಡಿಲ್ಲ. ಒಂದೇ ಮಾದರಿಗೆ ಹೆಚ್ಚು ಸಮಯ.' ಬರೆದವರ ಮೇಲೆ ನನಗೆ ಬೇಸರವಿಲ್ಲ. ನಮೂನೆಯಲ್ಲಿರುವ ಕಲಂಗಳ ಪ್ರಕಾರ ಅವರು ಬರೆದದ್ದು ಸರಿಯೇ. ನನ್ನ ತಕರಾರು ಆ ಕಲಂಗಳ ಬಗ್ಗೆ. 'ವಿಷಯದ ಮೇಲಿನ ಪ್ರಭುತ್ವ' ಎಂದರೆ ಎಲ್ಲ ಕಲ್ಲಿನ ಹೆಸರು ಬಾಯಲ್ಲಿರುವುದೋ, ಹೆಸರಿಗೆ ತಲುಪುವ ದಾರಿ ಕೈಯಲ್ಲಿರುವುದೋ?

ದಾರಿ ಕೈಗೆಟುಕುವಂಥದ್ದೇ

ಹೆಸರಿಗೆ ತಲುಪುವ ದಾರಿಗೆ ದೊಡ್ಡ ಉಪಕರಣ ಬೇಡ. ಅಕ್ಕಸಾಲಿಗರು ಚಿನ್ನದ ಬಣ್ಣ ನೋಡಿ ಬೆಲೆ ಕಟ್ಟುವುದಿಲ್ಲ, ಒರೆಗಲ್ಲಿಗೆ ಉಜ್ಜುತ್ತಾರೆ. ಖನಿಜಕ್ಕೂ ಅದೇ ನ್ಯಾಯ. ಹೊಳಪಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದಾಗ ಬೀಳುವ ಪುಡಿಯ ಬಣ್ಣ, ಅಂದರೆ ಒರೆಬಣ್ಣ, ಕಲ್ಲಿನ ಹೊರಬಣ್ಣಕ್ಕಿಂತ ನಂಬಲರ್ಹ. ಹೆಮಟೈಟ್ ಅದಿರು ನೋಡಲು ಕಪ್ಪಗೋ ಉಕ್ಕಿನ ಬಣ್ಣಕ್ಕೋ ಇರಬಹುದು, ಒರೆಬಣ್ಣ ಮಾತ್ರ ಕೆಂಪು ಮಿಶ್ರಿತ ಕಂದು. ಮ್ಯಾಗ್ನಟೈಟ್‌ನದು ಕಪ್ಪು, ಜೊತೆಗೆ ಅದು ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ. ಮ್ಯಾಂಗನೀಸ್ ಅದಿರಿನ ಒರೆಬಣ್ಣವೂ ಕಪ್ಪೇ. ಅದರಲ್ಲಿ ಮೆತ್ತಗಿನ ಬಗೆಯದು ಹಿಡಿದ ಬೆರಳಿಗೇ ಮಸಿ ಹತ್ತಿಸುತ್ತದೆ. ಕೆಮ್ಮಣ್ಣುಗುಂಡಿ ಎಂದು ಹೆಸರಿಟ್ಟ ಹಿರಿಯರು ಬಂಡೆಯ ಕಪ್ಪನ್ನು ನೋಡಲಿಲ್ಲ, ಪುಡಿಯ ಕೆಂಪನ್ನು ನೋಡಿದರು. ಊರಿನ ಹೆಸರಿನಲ್ಲೇ ಒರೆಬಣ್ಣವಿದೆ.

ಒರೆ ಹಚ್ಚಲು ಟೈಲ್ಸ್ ಅಂಗಡಿಯಲ್ಲಿ ಒಡೆದು ಬಿದ್ದ ಬಿಳಿ ಟೈಲಿನ ಹಿಂಬದಿ ಸಾಕು. ಮಂಗಳೂರು ಹೆಂಚು ಆಗದು. ಅದೇ ಕೆಂಪಾದ್ದರಿಂದ ಹೆಮಟೈಟ್‌ನ ಕೆಂಪು ಅದರಲ್ಲಿ ಕಾಣುವುದಿಲ್ಲ.

ಗಡಸುತನಕ್ಕೆ 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಮಾಪಕ ನಮಗೆಲ್ಲ ಗೊತ್ತು: ಟಾಲ್ಕ್ 1, ವಜ್ರ 10. ಮಕ್ಕಳಿಗೆ ಬೇಕಾದದ್ದು ಅದರ ಬಾಯಿಪಾಠವಲ್ಲ, ಕೈಗೆ ಸಿಗುವ ಸಾಧನ. ಉಗುರಿನ ಗಡಸುತನ ಸುಮಾರು 2.5, ತಾಮ್ರದ್ದು ಸುಮಾರು 3, ಗಾಜು ಮತ್ತು ಕಬ್ಬಿಣದ ಮೊಳೆಯದು ಸುಮಾರು 5.5. ಹಳೆಯ ಪುಸ್ತಕಗಳು 'ತಾಮ್ರದ ನಾಣ್ಯ' ಎನ್ನುತ್ತವೆ. ಈಗಿನ ನಮ್ಮ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು. ಆದ್ದರಿಂದ ನಾಣ್ಯ ಬಿಟ್ಟು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ದಪ್ಪ ತಾಮ್ರದ ತಂತಿಯ ತುಂಡು ತನ್ನಿ, ಮೇಲಿನ ಲೇಪ ಕೆರೆದು ಬಳಸಿ. ಮಗು ಸ್ಲೇಟಿನ ಮೇಲೆ ಬರೆದ ಬಳಪ ಉಗುರಿನಿಂದ ಗೀಚಿದರೆ ಪುಡಿಯಾಗುತ್ತದೆ. ಅದು ಟಾಲ್ಕ್ ಇರುವ ಮೆತ್ತನೆಯ ಕಲ್ಲು. ಅದೇ ಜಾತಿಯ ಕಲ್ಲಿನಲ್ಲಿ ಹೊಯ್ಸಳ ಶಿಲ್ಪಿ ಸೂಕ್ಷ್ಮ ಕೆತ್ತನೆ ಮಾಡಿದ. ಮಲೆನಾಡಿನ ಅಡುಗೆಮನೆಯ ಕಲ್ಲಿನ ಮರಿಗೆಯೂ ಅದರದೇ. ಬೆಣಚುಕಲ್ಲು ಗಾಜನ್ನು ಗೀಚುತ್ತದೆ. ಅದರಷ್ಟೇ ಬೆಳ್ಳಗಿರುವ ಕ್ಯಾಲ್ಸೈಟ್ ಗೀಚುವುದಿಲ್ಲ. ಕಣ್ಣಿಗೆ ಒಂದೇ ಥರ ಕಂಡ ಎರಡು ಕಲ್ಲುಗಳು ಒಂದು ಗಾಜಿನ ಚೂರಿನ ಮುಂದೆ ಬೇರೆಯಾಗುವುದನ್ನು ನೋಡಿದ ಮಗುವಿಗೆ ಗಡಸುತನದ ವ್ಯಾಖ್ಯಾನ ಬರೆಸಬೇಕಾಗಿಲ್ಲ.

ಸಾಂದ್ರತೆಗೆ ಕೊಕ್ಕೆ ಇರುವ ತಕ್ಕಡಿ, ದಾರ, ಬಕೆಟ್ ನೀರು ಬೇಕು. ಉದಾಹರಣೆಗೆ ಗಾಳಿಯಲ್ಲಿ 250 ಗ್ರಾಂ ತೂಗುವ ಕಲ್ಲು ನೀರಿನಲ್ಲಿ ಮುಳುಗಿದಾಗ 200 ಗ್ರಾಂ ತೋರಿಸಿದರೆ ಕಡಿಮೆಯಾದದ್ದು 50; 250ನ್ನು 50ರಿಂದ ಭಾಗಿಸಿದರೆ 5. ಶುದ್ಧ ಹೆಮಟೈಟ್‌ನ ಸಾಪೇಕ್ಷ ಸಾಂದ್ರತೆ ಸುಮಾರು 5.2, ಬೆಣಚುಕಲ್ಲಿನದು 2.65. ಮಧ್ಯದಲ್ಲಿ ಎಲ್ಲೋ ಬಂದರೆ ಅದಿರಿನಲ್ಲಿ ಬೆಣಚು ಬೆರೆತಿರಬಹುದು. ಬಾಬಾಬುಡನ್ ಸಾಲಿನ ಪಟ್ಟೆ ಪಟ್ಟೆಯ ಅದಿರು ಬಂಡೆ ಹಾಗೆಯೇ ಇರುತ್ತದೆ: ಒಂದು ಪಟ್ಟೆ ಕಬ್ಬಿಣದ್ದು, ಇನ್ನೊಂದು ಬೆಣಚಿನದು. ಒಂಬತ್ತನೇ ತರಗತಿಯ ಆರ್ಕಿಮಿಡೀಸ್ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋರುವುದಿಲ್ಲ.

ಕೊನೆಯದು ಆಮ್ಲ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಸುಣ್ಣಕಲ್ಲು ಗುಳ್ಳೆ ಬಿಡುತ್ತದೆ. ಡೊಲೊಮೈಟ್ ಪುಡಿ ಮಾಡಿದಾಗ ಮಾತ್ರ ಚೆನ್ನಾಗಿ ಬಿಡುತ್ತದೆ. ಬೆಣಚು, ಗ್ರಾನೈಟ್ ಬಿಡುವುದಿಲ್ಲ. ಎಷ್ಟೋ ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಗಾರೆಯವರ ಹತ್ತಿರ ಅದರ ಚೂರು ಕೇಳಿ ತರಬಹುದು. ನೆಲದ ಮೇಲೇ ಹನಿ ಹಾಕಬೇಡಿ, ಕಲೆ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಜಂಬಿಟ್ಟಿಗೆಯ ಮೇಲೆ ಆಮ್ಲ ಬಿದ್ದಾಗಲೂ ಒಂದೆರಡು ಗುಳ್ಳೆ ಏಳುತ್ತವೆ. ಅವು ಅದರ ರಂಧ್ರಗಳಲ್ಲಿದ್ದ ಗಾಳಿಯವು. ಆದ್ದರಿಂದ ಮೊದಲು ನೀರಿನ ಹನಿ, ಆಮೇಲೆ ಆಮ್ಲದ ಹನಿ. ನೀರಿಗೂ ಗುಳ್ಳೆ ಬಂದರೆ ಆಮ್ಲದ ಸಾಕ್ಷಿಗೆ ಬೆಲೆಯಿಲ್ಲ. 'ನಿಯಂತ್ರಿತ ಪ್ರಯೋಗ' ಎಂಬ ದೊಡ್ಡ ಮಾತನ್ನು ಈ ಎರಡು ಹನಿಗಳಲ್ಲಿ ಕಲಿಸಬಹುದು. ಕಿಟ್ಟದ ಮೇಲೆ ಮಾತ್ರ ಆಮ್ಲ ಹಾಕಲೇಬಾರದು. ಅದರಲ್ಲಿ ಗಂಧಕದ ಅಂಶವಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೊರಡುತ್ತದೆ.

ಅಯಸ್ಕಾಂತ, ಆಮ್ಲ, ಸಾಂದ್ರತೆ ಎಲ್ಲ ವಿಜ್ಞಾನದ ಪಾಠಗಳು. ಕಲ್ಲು ಮಾತ್ರ ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ. ಹೀಗಾಗಿ ಕಲ್ಲಿನ ಪಾಠ ಮಾಡುವವರ ಕೈಯಲ್ಲಿ ಆಮ್ಲದ ಬಾಟಲಿ ಇಲ್ಲ, ಆಮ್ಲದ ಬಾಟಲಿ ಇರುವವರ ಪಾಠದಲ್ಲಿ ಕಲ್ಲಿಲ್ಲ. ಹತ್ತನೇ ತರಗತಿಯ ವಿಜ್ಞಾನ ಪಠ್ಯ ಸುಣ್ಣಕಲ್ಲು, ಸೀಮೆಸುಣ್ಣ, ಅಮೃತಶಿಲೆ ಮೂರೂ ಕ್ಯಾಲ್ಸಿಯಂ ಕಾರ್ಬೊನೇಟ್‌ನ ರೂಪಗಳೆಂದು ಹೇಳುತ್ತದೆ. ಆ ವಾಕ್ಯವನ್ನು ಓದಿಸಿ ಮುಂದೆ ಹೋಗುವ ಬದಲು ಸಮಾಜ ವಿಜ್ಞಾನದ ಸಹಪಾಠಿಯೊಡನೆ ಜಂಟಿ ಪಾಠಯೋಜನೆ ಮಾಡುವುದು ನಮ್ಮ ಕಾಲೇಜಿನಲ್ಲೇ ಸಾಧ್ಯವಿದೆ. ಎರಡೂ ಬೋಧನಾ ವಿಧಾನಗಳ ಪ್ರಶಿಕ್ಷಣಾರ್ಥಿಗಳು ಒಂದೇ ಕಾರಿಡಾರಿನಲ್ಲಿದ್ದೇವೆ.

ಪಳೆಯುಳಿಕೆಗೆ ವಯಸ್ಸೇ ಸಾಕ್ಷಿ

ಪಳೆಯುಳಿಕೆಯ ವಿಷಯಕ್ಕೆ ಬಂದರೆ ಗೀಚುವುದು, ಉಜ್ಜುವುದು ಹೆಚ್ಚು ಸಹಾಯ ಮಾಡುವುದಿಲ್ಲ. ಇಲ್ಲಿ ಬಂಡೆಯ ವಯಸ್ಸು ಮಾತಾಡುತ್ತದೆ. ಕಲ್ಲಿನ ಮೇಲೆ ಕಪ್ಪು ಜರೀಗಿಡದಂಥ ಚಿತ್ತಾರ ಇರುವ ಚೂರನ್ನು ಮಕ್ಕಳು ಆಗಾಗ ತರುತ್ತಾರೆ, 'ಎಲೆಯ ಪಳೆಯುಳಿಕೆ' ಎನ್ನುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ನಡುನರವಿಲ್ಲ, ತೊಟ್ಟಿಲ್ಲ, ದಪ್ಪವೂ ಇಲ್ಲ. ಬಿರುಕಿನ ಮೇಲ್ಮೈಯಲ್ಲಿ ಹರಡಿದ ತೆಳುಪದರ ಅದು. ಬಿರುಕಿನಲ್ಲಿ ಇಳಿದ ನೀರಿನಿಂದ ಮ್ಯಾಂಗನೀಸ್ ಆಕ್ಸೈಡ್ ಕವಲು ಕವಲಾಗಿ ಬೆಳೆದು ಆದದ್ದು. ಇದನ್ನು ಡೆಂಡ್ರೈಟ್ ಎನ್ನುತ್ತಾರೆ.

ಇನ್ನೊಂದು ಸಾಕ್ಷಿ ನಮ್ಮ ನೆಲದ್ದೇ. ಶಿವಮೊಗ್ಗ ಶಿಸ್ಟ್ ಪಟ್ಟಿಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ನೆಲದ ಮೇಲಿನ ಗಿಡಗಳು ಅದಕ್ಕೂ ಈಚೆಗೆ. ಆದ್ದರಿಂದ ಈ ಹಳೆಯ ಬಂಡೆಗಳಲ್ಲಿ ಎಲೆಯಾಗಲಿ ಶಂಖವಾಗಲಿ ಸಿಗಲು ಸಾಧ್ಯವೇ ಇಲ್ಲ. ಸಿಗಬಹುದಾದದ್ದು ಒಂದೇ: ಸೂಕ್ಷ್ಮಜೀವಿಗಳ ಪದರಗಳು ಒಂದರ ಮೇಲೊಂದು ಬೆಳೆದು ಕಲ್ಲಾದ ಸ್ಟ್ರೊಮಾಟೊಲೈಟ್. ಈ ಪಟ್ಟಿಯ ಡೊಲೊಮೈಟ್ ಬಂಡೆಗಳಲ್ಲಿ ಅವು ಸಿಕ್ಕಿರುವುದು ವೈಜ್ಞಾನಿಕ ಪತ್ರಿಕೆಗಳಲ್ಲಿ ದಾಖಲಾಗಿದೆ. ಕೋಸಿನ ಎಲೆಗಳಂತೆ ಬಾಗಿದ ಗೆರೆಗಳು, ಅಷ್ಟೆ. ನೋಡಲು ಡೈನೊಸಾರ್‌ನಷ್ಟು ರೋಚಕವಲ್ಲ. ಆದರೆ ಭೂಮಿಯ ಅತಿ ಹಳೆಯ ಜೀವಿಗಳ ಗುರುತುಗಳಲ್ಲಿ ಕೆಲವು ತಮ್ಮ ಜಿಲ್ಲೆಯಲ್ಲಿವೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ.

ನಿಜವಾದ ಪ್ರಾಣಿಯ ಪಳೆಯುಳಿಕೆ ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ನೇಪಾಳದ ಗಂಡಕಿ ನದಿಯಿಂದ ಬರುವ ಶಾಲಿಗ್ರಾಮಗಳಲ್ಲಿ ಕಾಣುವ ಚಕ್ರ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಅಮೊನೈಟ್ ಎಂಬ ಜೀವಿಯ ಸುರುಳಿ ಚಿಪ್ಪಿನದು. ಇದನ್ನು ಹೇಳುವಾಗ ಶಿಕ್ಷಕರ ವಿವೇಕ ಮುಖ್ಯ. ಮನೆಯವರು ಪೂಜಿಸುವ ವಸ್ತುವನ್ನು ತರಗತಿಗೆ ತರಿಸುವುದು, ಗೀಚುವುದು, ಆಮ್ಲ ಹಾಕುವುದು ಸಲ್ಲದು. ಚಿತ್ರ ತೋರಿಸಿ, ಮನೆಯ ಹಿರಿಯರನ್ನು ಕೇಳಿ ಸುರುಳಿಯನ್ನು ನೋಡಿ ಬರಲು ಹೇಳಿದರೆ ಸಾಕು. ಭಕ್ತಿಗೂ ವಿಜ್ಞಾನಕ್ಕೂ ಅಲ್ಲಿ ಜಗಳ ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಮುತ್ತು, ಹವಳ, ದಂತ

ನವರತ್ನಗಳ ಹೆಸರು ಮಕ್ಕಳಿಗೆ ಗೊತ್ತಿರುತ್ತದೆ. ಗಾಂಧಿ ಬಜಾರಿನ ಆಭರಣದಂಗಡಿಗಳಲ್ಲಿ ಉಂಗುರ ನೋಡಿರುತ್ತಾರೆ. ಒಂಬತ್ತರಲ್ಲಿ ಏಳು ಖನಿಜಗಳು, ಎರಡು ಮಾತ್ರ ಜೀವಿಗಳಿಂದ ಬಂದವು: ಮುತ್ತು, ಹವಳ. ಎರಡರಲ್ಲೂ ಮುಖ್ಯವಾಗಿ ಇರುವುದು ಶಹಾಬಾದ್ ಕಲ್ಲಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಂದಮೇಲೆ ಆಮ್ಲದ ಹನಿಗೆ ಇವೂ ಗುಳ್ಳೆ ಬಿಡುತ್ತವೆ, ಮತ್ತು ಹಾಳಾಗುತ್ತವೆ. ಸಾಕ್ಷಿಗಾಗಿ ವಸ್ತುವನ್ನೇ ಕೆಡಿಸಬಹುದೇ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ಅಮ್ಮನ ಸರದ ಮುತ್ತಿಗೆ ಪರೀಕ್ಷೆ ಬೇಡ. ಹೊನ್ನಾವರದ ಕಡಲತೀರದಲ್ಲಿ ಆರಿಸಿದ ಒಡೆದ ಚಿಪ್ಪು ಸಾಕು.

ಎಲ್ಲ ಪರೀಕ್ಷೆಯೂ ಬೇರೆ ಮಾಡಿ ತೋರಿಸುವುದಿಲ್ಲ ಎಂಬುದಕ್ಕೆ ಅಂಬರ್ ಒಳ್ಳೆಯ ಉದಾಹರಣೆ. ಅದು ಹಳೆಯ ಮರಗಳ ಗಟ್ಟಿಯಾದ ರಾಳ. ಉಣ್ಣೆಗೆ ಉಜ್ಜಿದರೆ ಕಾಗದದ ಚೂರನ್ನು ಸೆಳೆಯುತ್ತದೆ ನಿಜ, ಆದರೆ ಪ್ಲಾಸ್ಟಿಕ್ ಬಾಚಣಿಗೆಯೂ ಸೆಳೆಯುತ್ತದೆ. ಅಸಲಿಗೂ ನಕಲಿಗೂ ಒಂದೇ ಫಲ ಕೊಡುವ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಗಟ್ಟಿ ಉಪ್ಪುನೀರಿನಲ್ಲಿ ಅಂಬರ್ ತೇಲುತ್ತದೆ, ಬೇಕಲೈಟ್‌ನಂಥ ಭಾರದ ಪ್ಲಾಸ್ಟಿಕ್ ಮುಳುಗುತ್ತದೆ. ಈ ಪರೀಕ್ಷೆ ಸ್ವಲ್ಪ ಹೇಳುತ್ತದೆ. ದಂತದ ಮಾದರಿಯನ್ನಂತೂ ಶಾಲೆ ಹುಡುಕಲೇಬಾರದು. ಅದರ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ. ಸಕ್ರೆಬೈಲಿನ ಆನೆಬಿಡಾರದಲ್ಲಿ ಆನೆಯ ಮೈಮೇಲೇ ಅದನ್ನು ನೋಡಿದ ಮಕ್ಕಳು ನಮ್ಮವರು. 'ಸಾವಯವ ರತ್ನ' ಎಂಬ ಮಾತಿನ ಬೆಲೆ ಅಲ್ಲೇ ತಿಳಿಯುತ್ತದೆ.

ಬರಬಹುದಾದ ಆಕ್ಷೇಪಗಳು

ಮೊದಲನೆಯದು ಸಮಯ. ಒಂದು ಕಲ್ಲಿಗೆ ಒಂದು ಅವಧಿ ಕೊಟ್ಟರೆ ಪಠ್ಯ ಮುಗಿಯುವುದು ಯಾವಾಗ? ಎಂಟೂ ಕಲ್ಲುಗಳಿಗೆ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಎರಡಕ್ಕೆ ಮಾಡಿ. ಉಳಿದ ಆರರ ಹೆಸರು ಹೇಳಿಬಿಡಿ. ಎರಡರಲ್ಲಿ ದಾರಿ ಕಂಡ ಮಗು ಆರರ ಹೆಸರನ್ನು ಕೇಳುವಾಗ 'ಹೇಗೆ ಗೊತ್ತಾಯ್ತು ಮಿಸ್?' ಎಂದು ಕೇಳಿಯೇ ಕೇಳುತ್ತದೆ.

ಎರಡನೆಯದು ಪರೀಕ್ಷೆ. ಪ್ರಶ್ನೆಪತ್ರಿಕೆ ಹೆಸರನ್ನೇ ಕೇಳುತ್ತದೆ, ನಿಜ. ಆದರೆ ಕೆಂಪು ಪುಡಿ ಬೆರಳಿಗೆ ಹತ್ತಿದ ಮಗು ಹೆಮಟೈಟ್ ಎಂಬ ಹೆಸರನ್ನು ಮರೆಯುವ ಸಂಭವ ಕಡಿಮೆ.

ಮೂರನೆಯದು ಸುರಕ್ಷತೆ. ಇದು ಗಂಭೀರ ಆಕ್ಷೇಪ. ಆಮ್ಲದ ಹನಿ ಹಾಕುವವರು ಶಿಕ್ಷಕರೇ ಆಗಿರಬೇಕು, ಪಕ್ಕದಲ್ಲಿ ನೀರಿರಬೇಕು. ತರಗತಿಯಲ್ಲಿ ಕಲ್ಲು ಒಡೆಯಬಾರದು. ಚೂರು ಕಣ್ಣಿಗೆ, ಧೂಳು ಶ್ವಾಸಕೋಶಕ್ಕೆ ಅಪಾಯ. ಪಾಠ ಮುಗಿದ ಮೇಲೆ ಕೈ ತೊಳೆಸಬೇಕು. ದೇವಸ್ಥಾನ, ಸ್ಮಾರಕ, ರೈಲು ಹಳಿ, ಗಣಿಯ ಅಂಚಿನಿಂದ ಕಲ್ಲು ತರಬಾರದೆಂದು ಮೊದಲೇ ಹೇಳಬೇಕು.

ನಾಲ್ಕನೆಯದನ್ನು ಸಹಪಾಠಿಗಳೇ ಹೇಳುತ್ತಾರೆ: ಫೋನಿನಲ್ಲಿ ಫೋಟೊ ತೆಗೆದರೆ ಆ್ಯಪ್ ಹೆಸರು ಹೇಳುತ್ತದಲ್ಲ? ಫೋಟೊಗೆ ತೂಕವಿಲ್ಲ, ಒರೆಬಣ್ಣವಿಲ್ಲ, ಗಡಸುತನವಿಲ್ಲ. ಭದ್ರಾವತಿಯ ಆ ಕಿಟ್ಟದ ಚೂರಿನ ಚಿತ್ರ ಕೂಡ ಜ್ವಾಲಾಮುಖಿ ಕಲ್ಲಿನ ಚಿತ್ರದಂತೆಯೇ ಕಾಣುತ್ತದೆ. ಆ್ಯಪ್ ಒಂದು ಊಹೆ ಕೊಡಬಹುದು. ಊಹೆಯನ್ನು ಪರೀಕ್ಷಿಸುವ ಕೆಲಸ ಮತ್ತೆ ನಮ್ಮದೇ.

ಮೂರು ಸಲಹೆಗಳು

ಉಪನ್ಯಾಸಕರ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಒಂದು, ಗುರುತಿಸುವ ಕೌಶಲದ ಪಾಠಗಳಿಗೆ ವೀಕ್ಷಣಾ ನಮೂನೆಯಲ್ಲಿ ಪ್ರತ್ಯೇಕ ಅಂಕ ವಿಂಗಡಣೆ ಇರಲಿ. ಹತ್ತು ಅಂಕಗಳಲ್ಲಿ ವೀಕ್ಷಣೆಗೆ 3, ಪರೀಕ್ಷೆಯ ಆಯ್ಕೆಗೆ 3, ಕಾರಣ ಕೊಡುವುದಕ್ಕೆ 3, ಹೆಸರಿಗೆ 1 ಎಂದಿದ್ದರೆ, ಗೊತ್ತಿಲ್ಲದ ಕಲ್ಲನ್ನು ತರಗತಿಯಲ್ಲಿ ಎತ್ತಿಕೊಳ್ಳುವ ಧೈರ್ಯ ಪ್ರಶಿಕ್ಷಣಾರ್ಥಿಗೆ ಬರುತ್ತದೆ. ಇಂದಿನ ನಮೂನೆಯಲ್ಲಿ ಆ ಧೈರ್ಯಕ್ಕೆ ಅಂಕ ಹೋಗುತ್ತದೆ.

ಎರಡು, ಉಳಿದ ಸಂದೇಹ ಕೇಳಲು ಒಂದು ಜಾಗ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗವಿದೆ, ಭದ್ರಾವತಿಗೆ ದೂರವಲ್ಲ. ವರ್ಷಕ್ಕೊಮ್ಮೆ ಶಾಲೆಗಳಲ್ಲಿ ಹೆಸರು ಸಿಗದೆ ಉಳಿದ ಕಲ್ಲುಗಳನ್ನು ಚೀಟಿಯ ಸಮೇತ ಅಲ್ಲಿಗೆ ಒಯ್ದು ಕೇಳುವ ಏರ್ಪಾಟನ್ನು ಕಾಲೇಜು ಮಾಡಬಹುದು. ಗೊತ್ತಿಲ್ಲದ್ದನ್ನು ಯಾರಲ್ಲಿ ಹೇಗೆ ಕೇಳಬೇಕೆಂದು ತಿಳಿಯುವುದೂ ಶಿಕ್ಷಕರ ತರಬೇತಿಯ ಭಾಗವೇ.

ಮೂರು, ಇಂಟರ್ನ್‌ಶಿಪ್ ಮುಗಿಸುವಾಗ ಪ್ರತಿ ತಂಡವೂ ಆ ಶಾಲೆಗೆ ಊರಿನ ಕಲ್ಲುಗಳ ಒಂದು ಪೆಟ್ಟಿಗೆ ಬಿಟ್ಟು ಬರಲಿ: ಜಂಬಿಟ್ಟಿಗೆ, ಬೆಣಚು, ಬಳಪ, ಶಹಾಬಾದ್ ಚೂರು, ಅದಿರು, ಕಿಟ್ಟ. ಗೂಡಿಗೆ ಹೆಸರು ಅಂಟಿಸುವುದು ಬೇಡ. ಪ್ರತಿ ಕಲ್ಲಿಗೂ ಒಂದು ಚೀಟಿ ಕಟ್ಟಿ, ಅದರಲ್ಲಿ ಸಿಕ್ಕ ಜಾಗ, ತಂದ ದಿನ, ಮಾಡಿದ ಪರೀಕ್ಷೆ, ಕಂಡ ಫಲ ಇವನ್ನು ಶಾಯಿಯಲ್ಲಿ ಬರೆಯಲಿ. ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಲಿ. ಮುಂದಿನ ವರ್ಷದ ಮಕ್ಕಳು ಇನ್ನೊಂದು ಪರೀಕ್ಷೆ ಮಾಡಿ ಆ ಹೆಸರನ್ನು ಅಳಿಸಬೇಕಾಗಬಹುದು.